ನೌಕರಿ ಹೋದ ಮೇಲೆ ದವಾಖಾನೆ ಯಾರದು?

ಈ ಸಲದ್ದು ಸ್ವಲ್ಪ ಉದ್ದದ ಬರಹ. ಚಹಾ ಇಟ್ಟುಕೊಂಡು ಕೂತರೆ ಒಳ್ಳೆಯದು :)

ನಮ್ಮೂರು ಗುರುಗುಂಟಾ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಅಮರೇಶ್ವರ ಜಾತ್ರೆಯಿಂದ ಕೆಲವರಿಗೆ ಗೊತ್ತಿರಬಹುದು. ಇನ್ನು ಕೆಲವರು ತಿಂಥಣಿ ಬ್ರಿಜ್ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ನಿಜಾಮರ ಕಾಲದಲ್ಲಿ ಇದೊಂದು ಸಣ್ಣ ಸಂಸ್ಥಾನ. ಆ ಕಥೆ ಇನ್ನೊಂದು ದಿನ ಬರೆಯುತ್ತೇನೆ. ಇವತ್ತಿನ ಮಾತಿಗೆ ಬೇಕಾದದ್ದು ನಮ್ಮ ಪಕ್ಕದ ಹಟ್ಟಿ, ಅದೇ ಚಿನ್ನದ ಗಣಿಯ ಹಟ್ಟಿ.

ನಾನು ಸಣ್ಣವನಿದ್ದಾಗ ನಮ್ಮ ಕಡೆ ಹೆಣ್ಣು ಕೊಡುವವರ ಮುಂದೆ ಹೇಳುತ್ತಿದ್ದ ಮಾತು ಇದು: "ಹುಡುಗ ಹಟ್ಟಿ ಕಂಪನ್ಯಾಗ ಕಾಯಂ ಅದಾನ್ರಿ. ಕ್ವಾರ್ಟರ್ಸು, ದವಾಖಾನಿ ಎಲ್ಲಾ ಕಂಪನೀದೇ." ಪಗಾರ ಎಷ್ಟು ಅಂತ ಆಮೇಲೆ ಕೇಳುತ್ತಿದ್ದರು. ದವಾಖಾನೆ ಕಂಪನಿಯದು ಅಂದರೆ ಅರ್ಧ ಮದುವೆ ಆದ ಹಾಗೆ. ಹೆರಿಗೆ, ಮಕ್ಕಳ ಜ್ವರ, ಅತ್ತೆ ಮಾವಂದಿರ ಬಿಪಿ, ಇದಕ್ಕೆಲ್ಲ ಕೈಯಿಂದ ದುಡ್ಡು ಹಾಕುವುದು ತಪ್ಪಿತು ಅಂತ ಲೆಕ್ಕ. ವಿಮೆ ಅನ್ನುವ ಮಾತು ಯಾರ ಬಾಯಲ್ಲೂ ಇರಲಿಲ್ಲ. ಎಲ್‌ಐಸಿ ಏಜೆಂಟರು ಬರುತ್ತಿದ್ದರು, ಅದು ಸತ್ತ ಮೇಲೆ ಬರುವ ದುಡ್ಡು ಅಂತಲೇ ಜನ ತಿಳಿದಿದ್ದರು.

ಹಾಗಾದರೆ ಆ ಕಾಯಂ ನೌಕರಿ ಹೋದರೆ? ಅದನ್ನು ಕೇಳುವುದೇ ಅಪಶಕುನ. ಯಾರೂ ಕೇಳುತ್ತಿರಲಿಲ್ಲ.

ಈ ಪ್ರಶ್ನೆ ನನ್ನ ತಲೆ ಹೊಕ್ಕದ್ದು ದೂರದ ದಾರಿಯಿಂದ. 2009ರಲ್ಲಿ ಅಮೆರಿಕದಲ್ಲಿದ್ದ ಗೆಳೆಯನೊಬ್ಬನಿಗೆ ಕೆಲಸ ಹೋಯಿತು. ಲಿಂಗಸುಗೂರಿನವನೇ, ಸಾಲಿಯಲ್ಲಿ ಒಂದೇ ಬೆಂಚು. ಆಗಿನ ರಿಸೆಶನ್ ದಿನಗಳು ನಿಮಗೂ ನೆನಪಿರಬೇಕು, ನಮ್ಮ ಎಷ್ಟೋ ಕನ್ನಡ ಗೆಳೆಯರು ಆಗ ಮೌನವಾಗಿಬಿಟ್ಟಿದ್ದರು. ಅವನ ಹೆಂಡತಿ ಬಸುರಿ. ಅವನು ಬರೆದ ಮೇಲ್‌ನಲ್ಲಿ ಕೆಲಸ ಹೋದದ್ದಕ್ಕೆ ಒಂದೇ ಸಾಲು, ಉಳಿದದ್ದೆಲ್ಲ ಹೆಲ್ತ್ ಇನ್ಶೂರೆನ್ಸ್ ಬಗ್ಗೆ. "ಕೋಬ್ರಾ ತಗೊಂಡೀನಿ, ಸರ್ಕಾರ 65 ಪರ್ಸೆಂಟ್ ಕೊಡ್ತದ, ಹೆರಿಗಿ ತನಕ ಚಿಂತಿಲ್ಲ" ಅಂತ. ಇದ್ಯಾವ ಹಾವಪ್ಪಾ ಅಂತ ಹುಡುಕಿ ಓದಿದೆ.

ಕಥೆ ಹೀಗಿದೆ. ಅಮೆರಿಕದಲ್ಲಿ ಆರೋಗ್ಯ ವಿಮೆ ನೌಕರಿಗೆ ಗಂಟು ಬಿದ್ದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಬೆಲೆ ಏರಿಕೆ ತಡೆಯಲು ಸರ್ಕಾರ ಸಂಬಳಕ್ಕೆ ಮಿತಿ ಹಾಕಿತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ, ಕಾರ್ಖಾನೆಗೆ ಆಳು ಬೇಕು, ಸಂಬಳ ಮಾತ್ರ ಏರಿಸುವಂತಿಲ್ಲ. ಮಾಲೀಕರು ಸಂಬಳದ ಬದಲು ವಿಮೆ ಕೊಡತೊಡಗಿದರು, ಅದಕ್ಕೆ ಮಿತಿ ಇರಲಿಲ್ಲ. ಆಮೇಲೆ ತೆರಿಗೆ ವಿನಾಯಿತಿಯೂ ಗಟ್ಟಿಯಾಯಿತು. ಯುದ್ಧ ಮುಗಿಯಿತು, ಗಂಟು ಉಳಿಯಿತು. ಕೆಲಸ ಹೋದರೆ ಅದೇ ತಿಂಗಳು ವಿಮೆಯೂ ಹೋಗುತ್ತಿತ್ತು. 1986ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಒಂದು ಬಜೆಟ್ ಕಾಯ್ದೆಯಲ್ಲಿ ಇದಕ್ಕೊಂದು ಪರಿಹಾರ ಸೇರಿಸಿದರು. ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಕಂಪನಿಯಿಂದ ಹೊರಬಿದ್ದವನು 18 ತಿಂಗಳವರೆಗೆ ಅದೇ ಗುಂಪು ವಿಮೆಯಲ್ಲಿ ಉಳಿಯಬಹುದು ಅಂತ. ಆ ಕಾಯ್ದೆಯ ಉದ್ದ ಹೆಸರಿನ ಮೊದಲಕ್ಷರ ಜೋಡಿಸಿದರೆ ಕೋಬ್ರಾ. ಹೆಸರಿಗೆ ತಕ್ಕಂತೆ ಕಡಿಯುತ್ತಿತ್ತು ಕೂಡ. ಕಂಪನಿ ಕೊಡುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇಕಡ 2 ಖರ್ಚು, ಎಲ್ಲ ನೌಕರಿ ಕಳಕೊಂಡವನೇ ಕಟ್ಟಬೇಕು. ಸಂಬಳ ಇದ್ದಾಗ ಕಟ್ಟದಷ್ಟು ದುಡ್ಡನ್ನು ಸಂಬಳ ಇಲ್ಲದಾಗ ಎಲ್ಲಿಂದ ತರುವುದು?

2009ರ ಫೆಬ್ರವರಿ 17ರಂದು ಒಬಾಮಾ ಸಹಿ ಹಾಕಿದ ಆರ್ಥಿಕ ಚೇತರಿಕೆ ಕಾಯ್ದೆ ಇಲ್ಲಿ ಕೈ ಹಾಕಿತು. 2008ರ ಸೆಪ್ಟೆಂಬರ್ 1ರ ನಂತರ ತಾವಾಗಿ ಬಿಡದೆ ಕೆಲಸ ಕಳಕೊಂಡವರು ಕಂತಿನ ಶೇಕಡ 35 ಕಟ್ಟಿದರೆ ಸಾಕು. ಉಳಿದ 65ನ್ನು ಹಳೇ ಕಂಪನಿ ಕಟ್ಟಿ, ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ತಿಂಗಳ ಕಂತು ಸಾವಿರ ಡಾಲರ್ ಅಂತಿಟ್ಟುಕೊಂಡರೆ ನಮ್ಮ ಗೆಳೆಯನ ಪಾಲು 350. ಮೊದಲು 9 ತಿಂಗಳಿಗೆ ಅಂತಿದ್ದದ್ದು ಆ ವರ್ಷದ ಕೊನೆಗೆ 15 ತಿಂಗಳಾಯಿತು. 2010ರ ಮೇ ಕೊನೆಯವರೆಗೆ ಕೆಲಸ ಕಳಕೊಂಡವರಿಗೆ ಇದು ಸಿಕ್ಕಿತು. ಅಷ್ಟರಲ್ಲಿ ಅವನಿಗೆ ಮಗಳು ಹುಟ್ಟಿದ್ದಳು. ಬೇರೆ ಕೆಲಸವೂ ಸಿಕ್ಕಿತು.

"ತಾವಾಗಿ ಬಿಡದೆ" ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅವನ ಮೇಲ್ ಓದಿದ ಮೇಲೆ ನನಗೆ ಹಟ್ಟಿ ನೆನಪಾಯಿತು. ಯುದ್ಧಕಾಲದ ಅಮೆರಿಕದ ಮಾಲೀಕ ಮಾಡಿದ್ದನ್ನೇ ನಮ್ಮ ಗಣಿ ಕಂಪನಿಗಳು ಅದಕ್ಕಿಂತ ಬಹಳ ಮೊದಲೇ ಮಾಡಿದ್ದವು. ಊರಿಂದ ದೂರದ ಬಂಜರಿನಲ್ಲಿ ಗಣಿ. ಆಳುಗಳನ್ನು ಎಲ್ಲಿಂದಲೋ ಕರೆತಂದು ನಿಲ್ಲಿಸಿಕೊಳ್ಳಬೇಕು. ಮನೆ, ನೀರು, ದವಾಖಾನೆ ಕೊಡದಿದ್ದರೆ ಯಾರೂ ನಿಲ್ಲುವುದಿಲ್ಲ. ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಚಿನ್ನ ತೆಗೆದ ಗುರುತುಗಳಿವೆ. ನಿಜಾಮರ ರಾಜ್ಯದಲ್ಲಿ ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕ ಬ್ರಿಟಿಷ್ ಕಂಪನಿ ಅಲ್ಲಿ ಗಣಿ ನಡೆಸಿ, 1920ರ ಹೊತ್ತಿಗೆ ಮುಚ್ಚಿ ಹೊರಟಿತು. ಮತ್ತೆ ಕಂಪನಿ ಕಟ್ಟಿದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ. ರಾಜ್ಯಗಳ ಪುನರ್ವಿಂಗಡಣೆ ಆದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿ. ನಡುವೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಗಣಿ ಇಲ್ಲ, ಅಂದರೆ ಕಂಪನಿಯ ದವಾಖಾನೆಯೂ ಇಲ್ಲ. ಒಂದಿಡೀ ತಲೆಮಾರು ಅದಿಲ್ಲದೆ ಹುಟ್ಟಿ ಬೆಳೆಯಿತು.

ಇದರ ದೊಡ್ಡ ರೂಪ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಕೋಲಾರದ ಗಣಿಯಲ್ಲಿ ಮೂವತ್ತು ಸಾವಿರದಷ್ಟು ಜನ ದುಡಿದ ಕಾಲವಿತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಕಥೆಯನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಗಣಿ ಆಸ್ಪತ್ರೆಯ ಬಗ್ಗೆ ಪಾಠದಲ್ಲಿ ಇರಲಿಲ್ಲ. ಕೆಜಿಎಫ್ ಕಡೆಯ ಗೆಳೆಯರನ್ನು ಕೇಳಿ, ಅವರ ಮನೆಯ ಹಿರಿಯರು ಚಿನ್ನಕ್ಕಿಂತ ಮೊದಲು ಆ ಆಸ್ಪತ್ರೆಯ ಮಾತು ತೆಗೆಯುತ್ತಾರೆ.

ಈಗ ಸ್ವಲ್ಪ ಕಾಯ್ದೆಯ ಇತಿಹಾಸ. ಬೇಜಾರಾದರೂ ತಡೆದುಕೊಳ್ಳಿ, ಕಥೆಯ ತಿರುವು ಇಲ್ಲೇ ಇದೆ.

ಸ್ವಾತಂತ್ರ್ಯ ಬರುವ ಮುಂಚಿನ ಮೂರು ವರ್ಷಗಳಲ್ಲಿ ಭಾರತದ ಮುಂದೆ ಎರಡು ವರದಿಗಳು ಬಂದವು. ಒಂದು 1944ರಲ್ಲಿ ಪ್ರೊಫೆಸರ್ ಬಿ.ಪಿ. ಅಡರ್ಕರ್ ಕೊಟ್ಟದ್ದು, ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ. ಇನ್ನೊಂದು 1946ರ ಭೋರ್ ಸಮಿತಿಯದು. ದುಡ್ಡು ಕೊಡಲಾಗದು ಅನ್ನುವ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ಹೊರಗುಳಿಯಬಾರದು ಅನ್ನುವುದು ಅದರ ಬುಡದ ತತ್ವ. ಅಡರ್ಕರ್ ಕೇಳಿದ್ದು ನೀನು ಎಲ್ಲಿ ಕೆಲಸ ಮಾಡುತ್ತೀ ಅಂತ. ಭೋರ್ ಸಮಿತಿ ಅದನ್ನು ಕೇಳಲೇ ಇಲ್ಲ. ಭೋರ್ ವರದಿಯನ್ನು ಎಲ್ಲರೂ ಹೊಗಳಿದರು. ಅಡರ್ಕರ್ ವರದಿ ಕಾಯ್ದೆಯಾಯಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಸಾಮಾಜಿಕ ಭದ್ರತೆ ಕಾನೂನಾದ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ನಮ್ಮ ಇಎಸ್‌ಐ, ಬಂದದ್ದು 1948ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಬ್ರಿಟನ್ನು ನೌಕರಿಯ ಹಂಗಿಲ್ಲದ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು. ಎರಡು ದೇಶ ಒಂದೇ ವರ್ಷ ಎರಡು ದಾರಿ ಹಿಡಿದವು. ಬಡ ದೇಶ, ಸಂಬಳದಲ್ಲಿ ಹಿಡಿದರೆ ಮಾತ್ರ ದುಡ್ಡು ಹುಟ್ಟುತ್ತದೆ ಅನ್ನುವ ಲೆಕ್ಕ ಇದ್ದಿರಬೇಕು. ಅದನ್ನು ನಾನು ತಪ್ಪು ಅನ್ನಲಾರೆ. (ಅಂದ ಹಾಗೆ ಆ ಏಪ್ರಿಲ್‌ನಲ್ಲಿ ಗುರುಗುಂಟಾ ಭಾರತದಲ್ಲೇ ಇರಲಿಲ್ಲ! ನಾವು ಇನ್ನೂ ನಿಜಾಮರ ಪ್ರಜೆಗಳು, ಸೆಪ್ಟೆಂಬರ್ 17ರವರೆಗೆ.)

ಇಎಸ್‌ಐ ಕಾನ್ಪುರದಲ್ಲಿ ಶುರುವಾದದ್ದು 1952ರ ಫೆಬ್ರವರಿ 24ರಂದು, ನೆಹರೂ ಬಂದು ಉದ್ಘಾಟಿಸಿದರು. ನಮ್ಮ ರಾಜ್ಯಕ್ಕೆ ಬಂದದ್ದು 1958ರಲ್ಲಿ, ಬೆಂಗಳೂರಿಗೆ. ಇಲಾಖೆ ಅಧಿಸೂಚನೆ ಹೊರಡಿಸಿದ ಊರುಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು, ಹಾಗಾಗಿ ಒಂದೊಂದೇ ಊರಿಗೆ ಕಾಲು ಚಾಚುತ್ತಾ ಹೋಯಿತು.

ತಿರುವು ಇರುವುದು ಆ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲಿ, ಕಾರ್ಖಾನೆ ಅಂದರೆ ಏನು ಅನ್ನುವ ವ್ಯಾಖ್ಯೆಯಲ್ಲಿ. ಇಷ್ಟು ಜನ ದುಡಿಯುವ ಜಾಗ, ಇಂಥ ಕೆಲಸ ನಡೆಯುವ ಜಾಗ ಅಂತೆಲ್ಲ ಹೇಳಿ, ಕೊನೆಗೆ ಗಣಿ ಕಾಯ್ದೆಗೆ ಒಳಪಟ್ಟ ಗಣಿ ಇದರಲ್ಲಿ ಸೇರುವುದಿಲ್ಲ ಅಂತ ಅರ್ಧ ವಾಕ್ಯ. ಗಣಿಯವರಿಗೆ ಕಂಪನಿ ಆಸ್ಪತ್ರೆ ಇದ್ದೇ ಇದೆಯಲ್ಲ ಅನ್ನುವುದು ಆಗ ಸಹಜವಾಗಿ ಕಂಡಿರಬಹುದು. ಆ ಅರ್ಧ ವಾಕ್ಯದಿಂದ ಕೋಲಾರದ ಗಣಿಗಾರ, ಹಟ್ಟಿಯ ಗಣಿಗಾರ ಇಬ್ಬರೂ ಇಎಸ್‌ಐ ಹೊರಗುಳಿದರು. ಕೆಲವು ಗಣಿಗಳಿಗೆ ಬೇರೆ ಕಲ್ಯಾಣ ನಿಧಿಗಳು ಬಂದವು. ಅಭ್ರಕಕ್ಕೆ ಒಂದು, ಸುಣ್ಣದಕಲ್ಲಿಗೆ ಒಂದು, ಕಬ್ಬಿಣ ಮ್ಯಾಂಗನೀಸ್ ಕ್ರೋಮ್ ಅದಿರಿಗೆ 1976ರಲ್ಲಿ ಒಂದು. ಸಂಡೂರು ಹೊಸಪೇಟೆ ಕಡೆಯವರಿಗೆ ಆ ಕೊನೆಯದು ಗೊತ್ತಿರುತ್ತದೆ. ಚಿನ್ನಕ್ಕೆ ಅಂಥದ್ದು ಯಾವುದೂ ಬರಲಿಲ್ಲ.

ಕಂಪನಿ ನಡೆಯುವವರೆಗೆ ಇದೆಲ್ಲ ಯಾರಿಗೂ ಬಾಧಿಸಲಿಲ್ಲ. ಕೆಜಿಎಫ್ 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನ ಕಮ್ಮಿಯಾಗುತ್ತಾ, ಆಳ ಮೂರು ಕಿಲೋಮೀಟರ್ ದಾಟುತ್ತಾ, ನಷ್ಟ ಬೆಳೆಯುತ್ತಾ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಆಗ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ವಿಶೇಷ ಪ್ಯಾಕೇಜ್ ಅಂತ ಒಂದು ಮೊತ್ತ ಘೋಷಣೆಯಾಯಿತು. ಗಣಿಯ ಜೊತೆಗೆ ಗಣಿ ಆಸ್ಪತ್ರೆಯ ಕೆಲಸವೂ ನಿಂತಿತು. ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಅಪ್ಪಂದಿರು ಮನೆಯಲ್ಲಿ ಕೆಮ್ಮುತ್ತಾ ಕೂತರು.

ಕೆಮ್ಮು ಅಂತ ಸುಮ್ಮನೆ ಬರೆದದ್ದಲ್ಲ. ಚಿನ್ನ ಇರುವುದು ಬೆಣಚುಕಲ್ಲಿನ ಪದರದಲ್ಲಿ. ಅದನ್ನು ಕೊರೆದಾಗ ಏಳುವ ಧೂಳು ಪುಪ್ಪುಸದೊಳಗೆ ಹೊಕ್ಕು ಅಲ್ಲೇ ಉಳಿಯುತ್ತದೆ, ಸುತ್ತಲಿನ ಭಾಗವನ್ನು ಗಾಯದ ಕಲೆಯ ಹಾಗೆ ಗಟ್ಟಿ ಮಾಡುತ್ತಾ ಹೋಗುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ. ವಾಸಿ ಮಾಡುವ ಔಷಧಿ ಇಲ್ಲ. ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದೇ ಕೋಲಾರದ ಗಣಿಯಲ್ಲಿ, 1934ರಲ್ಲಿ. 1940ರ ದಶಕದಲ್ಲಿ ಅಲ್ಲಿನ ಸಾವಿರಾರು ಗಣಿಗಾರರನ್ನು ಪರೀಕ್ಷಿಸಿದ ವೈದ್ಯರಿಗೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಅದು ಕಂಡಿತು. ಇದರ ದೊಡ್ಡ ತೊಂದರೆ ಅಂದರೆ ಧೂಳು ಕುಡಿದ ಹತ್ತು ಇಪ್ಪತ್ತು ವರ್ಷದ ನಂತರವೂ ರೋಗ ಮುಖ ತೋರಿಸಬಹುದು. ನೌಕರಿ ಇರುವಾಗ ದವಾಖಾನೆ ಇದೆ, ರೋಗ ಕಾಣುವುದಿಲ್ಲ. ರೋಗ ಕಾಣುವ ಹೊತ್ತಿಗೆ ನೌಕರಿಯೂ ಇಲ್ಲ, ದವಾಖಾನೆಯೂ ಇಲ್ಲ. ನನ್ನ ಪ್ರಕಾರ ನೌಕರಿಗೆ ಕಟ್ಟಿದ ಚಿಕಿತ್ಸೆಯ ವಿರುದ್ಧ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ.

ಕೆಜಿಎಫ್ ಮುಚ್ಚಿ ನಾಲ್ಕು ವರ್ಷಕ್ಕೆ, 2005ರ ಏಪ್ರಿಲ್ 1ರಿಂದ, ಕೇಂದ್ರ ಸರ್ಕಾರ ಇಎಸ್‌ಐ ಅಡಿಯಲ್ಲಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ತಂದಿತು. ಬಹಳ ಜನರಿಗೆ ಇದು ಇರುವುದೇ ಗೊತ್ತಿಲ್ಲ. ಕಾರ್ಖಾನೆ ಮುಚ್ಚಿ ಅಥವಾ ಆಳು ಕಡಿತವಾಗಿ ಕೆಲಸ ಹೋದ ವಿಮಾದಾರನಿಗೆ ಸಂಬಳದ ಅರ್ಧದಷ್ಟು ಭತ್ಯೆ, ಜೊತೆಗೆ ಆ ಅವಧಿಯಲ್ಲಿ ಅವನಿಗೂ ಕುಟುಂಬಕ್ಕೂ ಇಎಸ್‌ಐ ಚಿಕಿತ್ಸೆ. ಮೊದಲು ಆರು ತಿಂಗಳು, ಅದೂ ಐದು ವರ್ಷ ವಂತಿಗೆ ಕಟ್ಟಿದವರಿಗೆ. 2009ರಲ್ಲಿ, ಅಮೆರಿಕದವರು ಕೋಬ್ರಾಕ್ಕೆ ದುಡ್ಡು ಹಾಕಿದ ಅದೇ ಹೊತ್ತಿಗೆ, ನಮ್ಮವರೂ ಇದನ್ನು ಸಡಿಲಿಸಿದರು. ಮೂರು ವರ್ಷದ ವಂತಿಗೆ ಸಾಕು, ಸವಲತ್ತು ಒಂದು ವರ್ಷ. ಮುಂದೆ ಅದು ಎರಡು ವರ್ಷದವರೆಗೂ ಹೋಯಿತು. ನಿಯಮ ಓದಿದರೆ ಅಮೆರಿಕದ್ದಕ್ಕಿಂತ ಒಳ್ಳೆಯದು ಅನ್ನಿಸುತ್ತದೆ, ಇಲ್ಲಿ 35 ಪರ್ಸೆಂಟೂ ಕಟ್ಟಬೇಕಿಲ್ಲ. ಗಣಿಯವನಿಗೆ ಮಾತ್ರ ಇದು ಸಿಗುವಂತಿರಲಿಲ್ಲ. ಅವನು ಇಎಸ್‌ಐ ಒಳಗೆ ಇದ್ದರೆ ತಾನೆ!

ಇಎಸ್‌ಐ ಒಳಗಿದ್ದವನ ಕಥೆ ಏನಾಯಿತು? ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಕಾಕಾನ ಮಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದಿದ್ದ. ತಿಂಗಳಿಗೆ ಐದು ಸಾವಿರ. ಆಗಿನ ದರದಲ್ಲಿ ಅವನ ಸಂಬಳದಿಂದ ಶೇಕಡ 1.75, ಅಂದರೆ 87 ರೂಪಾಯಿ ಐವತ್ತು ಪೈಸೆ ಇಎಸ್‌ಐಗೆ ಹೋಗುತ್ತಿತ್ತು. ಮಾಲೀಕನ ಪಾಲು ಶೇಕಡ 4.75, ಅಂದರೆ 237 ರೂಪಾಯಿ ಐವತ್ತು ಪೈಸೆ. ಆ ಚೀಟಿಯ ಮೇಲೆ ನಮ್ಮ ಕಾಕುನ ಶುಗರ್ ಮಾತ್ರೆ, ಕಾಲಿನ ಗಾಯದ ಡ್ರೆಸ್ಸಿಂಗ್ ನಡೆಯುತ್ತಿತ್ತು. ಅವಲಂಬಿತ ತಾಯಿ ತಂದೆಗೂ ಇಎಸ್‌ಐನಲ್ಲಿ ಚಿಕಿತ್ಸೆ ಉಂಟು. ಅದಕ್ಕೇ ಅವಳನ್ನು ಊರಿಂದ ಕರೆದುಕೊಂಡು ಹೋಗಿ ಒಂದೇ ಕೋಣೆಯ ಮನೆಯಲ್ಲಿ ಇಟ್ಟುಕೊಂಡಿದ್ದ.

2009ರ ಸೆಪ್ಟೆಂಬರ್ ಕೊನೆಗೆ ಕಾರ್ಖಾನೆ ಮುಚ್ಚಿತು. ಬಾಕಿ ಸಂಬಳ ಕೊಡುವ ದಿನ ಎಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಂಗ್ಲಿಷಿನಲ್ಲಿತ್ತು. "ಸೈನ್ ಮಾಡಿದ್ರ ಇವತ್ತೇ ರೊಕ್ಕ, ಇಲ್ಲಾಂದ್ರ ಯಾವಾಗೋ" ಅಂದರಂತೆ. ಅದು ರಾಜೀನಾಮೆ ಪತ್ರ.

ಮೇಲೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, "ತಾವಾಗಿ ಬಿಡದೆ" ಅಂತ. ನಮ್ಮ ಯೋಜನೆಯಲ್ಲೂ ಅದೇ ಷರತ್ತು. ಕಾರ್ಖಾನೆ ಮುಚ್ಚಿದ್ದಕ್ಕೆ, ಕಡಿತ ಮಾಡಿದ್ದಕ್ಕೆ ಪುರಾವೆ ಬೇಕು. ರಾಜೀನಾಮೆ ಕೊಟ್ಟವನು ತಾನಾಗಿ ಬಿಟ್ಟವನು. ನಾಲ್ಕು ವರ್ಷ ವಂತಿಗೆ ಕಟ್ಟಿ, ಮೂರು ವರ್ಷದ ಷರತ್ತು ದಾಟಿದವನು ಆ ಒಂದು ಸಹಿಯಿಂದ ಹೊರಗುಳಿದ. ಮಾಲೀಕನಿಗೆ ಇದರಿಂದ ಕಡಿತದ ಪರಿಹಾರ ಉಳಿಯಿತು. ಕಾಕುನ ಕಾಲಿನ ಬಗ್ಗೆ ಅವನಿಗೆ ಗೊತ್ತೂ ಇರಲಿಲ್ಲ, ಬಿಡಿ.

ಆದರೂ ಇಎಸ್‌ಐ ಲೆಕ್ಕದಲ್ಲಿ ಒಂದು ಕರುಣೆ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಸವಲತ್ತು ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದ್ದು ಜುಲೈನಿಂದ ಡಿಸೆಂಬರ್‌ವರೆಗೆ. ಅಂದರೆ ಸೆಪ್ಟೆಂಬರ್‌ನಲ್ಲಿ ಕೆಲಸ ಹೋದರೂ ಚೀಟಿ 2010ರ ಜೂನ್ 30ರವರೆಗೆ ಜೀವಂತ. ಕಾಯ್ದೆ ಬರೆದವರು ಈ ಬಾಲವನ್ನು ಬೇಕಂತಲೇ ಇಟ್ಟರೋ, ಬರೀ ಲೆಕ್ಕದ ಅನುಕೂಲಕ್ಕೋ, ಅಂತೂ ನೌಕರಿ ಹೋದವನಿಗೆ ಇದಕ್ಕಿಂತ ಉಪಕಾರದ ನಿಯಮ ಇಲ್ಲ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲು ಸಂಬಳ ಬೇಕಲ್ಲ? ನವೆಂಬರ್‌ಗೆಲ್ಲ ಅವರು ಊರಿಗೆ ವಾಪಸ್. ಚೀಟಿ ಬೆಂಗಳೂರಿನ ಡಿಸ್ಪೆನ್ಸರಿಯ ಹೆಸರಿನಲ್ಲಿ, ಗುರುಗುಂಟಾದಲ್ಲಿ ಇಎಸ್‌ಐ ದವಾಖಾನೆ ಇಲ್ಲ. ಎಂಟು ತಿಂಗಳು ಜೀವ ಇದ್ದ ಚೀಟಿ ದೇವರ ಫೋಟೋದ ಹಿಂದೆ ಇತ್ತು.

ಇನ್ನೊಂದು ವಿಚಿತ್ರ ನೋಡಿ. ಇಎಸ್‌ಐನಲ್ಲಿ ಐದು ವರ್ಷ ಇದ್ದು ವಯಸ್ಸಾಗಿ ನಿವೃತ್ತನಾದವನು, ಅಥವಾ ವಿಆರ್‌ಎಸ್ ತಗೊಂಡವನು, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತನಗೂ ಹೆಂಡತಿಗೂ ಚಿಕಿತ್ಸೆ ಮುಂದುವರಿಯುತ್ತದೆ ಅಂತ ನಿಯಮವಿತ್ತು. ತಿಂಗಳಿಗೆ ಹತ್ತು ರೂಪಾಯಿ! ನಮ್ಮ ಅಣ್ಣ ಖುಷಿಯಿಂದ ಕಟ್ಟುತ್ತಿದ್ದ. ಅವನಿಗೆ ವಯಸ್ಸು 31.

ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಚಿಕಿತ್ಸೆ ನೌಕರಿಯಿಂದ ಬಿಡಿಸಿಕೊಂಡು ಬೇರೆ ಗೂಟಕ್ಕೆ ಹೋಗಿ ಕಟ್ಟಿಕೊಳ್ಳತೊಡಗಿತ್ತು. ಮೊದಲನೆಯದು ಯಶಸ್ವಿನಿ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಯೋಚನೆಯ ಮೇಲೆ, 2003ರ ಜೂನ್‌ನಿಂದ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯನಾಗಿದ್ದರೆ ವರ್ಷಕ್ಕೆ 60 ರೂಪಾಯಿ ಕಟ್ಟು, ಸರ್ಕಾರ 30 ಹಾಕುತ್ತದೆ, ಆಪರೇಷನ್ ಖರ್ಚು ಯೋಜನೆಯದು. ಕಂತಿನಲ್ಲಿ ಮೂರನೇ ಒಂದು ಪಾಲು ಸರ್ಕಾರದ್ದು! ಒಬಾಮಾಗಿಂತ ಆರು ವರ್ಷ ಮುಂಚೆ :) ಆದರೆ ಇಲ್ಲಿ ಗೂಟ ಸಹಕಾರ ಸಂಘ. ಬೆಂಗಳೂರಿನಿಂದ ಬರಿಗೈಲಿ ಬಂದವನಿಗೆ ಸೊಸೈಟಿ ಸದಸ್ಯತ್ವ ಎಲ್ಲಿಂದ?

ಎರಡನೆಯದು ವಾಜಪೇಯಿ ಆರೋಗ್ಯಶ್ರೀ. ಇದು 2010ರಲ್ಲಿ ಮೊದಲು ಬಂದದ್ದೇ ನಮ್ಮ ಗುಲ್ಬರ್ಗಾ ವಿಭಾಗಕ್ಕೆ, ರಾಯಚೂರೂ ಸೇರಿ. ಯಾವುದೇ ಒಳ್ಳೆಯದು ಬೆಂಗಳೂರಿಗೆ ಬಂದು ಹಳತಾದ ಮೇಲೆ ನಮ್ಮ ಕಡೆ ಬರುವುದು ವಾಡಿಕೆ. ಇದೊಂದು ಉಲ್ಟಾ ಆಯಿತು, ಅದಕ್ಕೆ ಮೆಚ್ಚಬೇಕು. ಕಂತೇ ಇಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಈ ಸಲ ಗೂಟ ರೇಷನ್ ಕಾರ್ಡ್. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ಅಪಘಾತದಂಥ ದೊಡ್ಡ ಚಿಕಿತ್ಸೆಗಳ ಪಟ್ಟಿ ಅದರದ್ದು. ಶುಗರ್ ಮಾತ್ರೆ, ಗಾಯದ ಡ್ರೆಸ್ಸಿಂಗ್ ಅಂಥ ಪಟ್ಟಿಗೆ ಬರುವುದಿಲ್ಲ. ಕಾಕುಗೆ ಬೇಕಾಗಿದ್ದು ದಿನದ ಡ್ರೆಸ್ಸಿಂಗ್. ಅದು ತಪ್ಪಿದ್ದಕ್ಕೆ 2010ರ ಬೇಸಿಗೆಯಲ್ಲಿ ಎರಡು ಬೆರಳು ಕತ್ತರಿಸಬೇಕಾಯಿತು. ಸಾಲ ಮಾಡಿ ರಾಯಚೂರಿನಲ್ಲಿ ಮಾಡಿಸಿದರು. ಬಡ್ಡಿ ಮೂರು ರೂಪಾಯಿ.

ರೇಷನ್ ಕಾರ್ಡಿನ ಗೂಟಕ್ಕೂ ಒಂದು ತೊಡಕಿದೆ. ಕಾರ್ಡಿನ ಬಣ್ಣ ನಿನ್ನೆಯ ಆದಾಯ ಹೇಳುತ್ತದೆ, ನೌಕರಿ ಹೋಗುವುದು ಇವತ್ತು. ಕಾಯಂ ಪಗಾರ ಇದ್ದವನು ಎಪಿಎಲ್. ಪಗಾರ ನಿಂತ ಮಾರನೇ ದಿನ ಅವನು ಬಿಪಿಎಲ್ ಆಗುವುದಿಲ್ಲ. ಅರ್ಜಿ, ತಹಶೀಲ್ದಾರ್ ಕಚೇರಿ, ಆದಾಯ ಪ್ರಮಾಣಪತ್ರ. ಹೊಸ ಕಾರ್ಡಿಗೆ ಅರ್ಜಿಯೇ ತಗೊಳ್ಳದ ತಿಂಗಳುಗಳನ್ನು ನಾವೆಲ್ಲ ನೋಡಿದ್ದೇವೆ. 2018ರ ಮಾರ್ಚ್‌ನಲ್ಲಿ ಬಂದ ಆರೋಗ್ಯ ಕರ್ನಾಟಕ ಇದನ್ನು ಸ್ವಲ್ಪ ಸರಿ ಮಾಡಿತು. ಆ ವರ್ಷವೇ ಅದು ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್‌ಗೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೂ ಪ್ಯಾಕೇಜ್ ಖರ್ಚಿನ ಶೇಕಡ 30ನ್ನು ಒಂದೂವರೆ ಲಕ್ಷದ ಮಿತಿಯಲ್ಲಿ. ನೂರಕ್ಕೆ ಮೂವತ್ತು ಅಂದರೆ ಕೋಬ್ರಾದ ಲೆಕ್ಕ ತಿರುವಿ ಹಾಕಿದ ಹಾಗೆ, ನೌಕರಿ ಇಲ್ಲದವನ ಪಾಲಿಗೆ 70. ಆದರೂ ಮೊದಲ ಬಾರಿಗೆ ಯಾವ ಕಾರ್ಡ್ ಇದ್ದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. (ಯಶಸ್ವಿನಿಯನ್ನು ಇದರಲ್ಲಿ ಕರಗಿಸಿ ನಿಲ್ಲಿಸಿದರು. ರೈತರು ಬಿಡಲಿಲ್ಲ, ಕೆಲವು ವರ್ಷದ ಮೇಲೆ ಮತ್ತೆ ಶುರು ಮಾಡಬೇಕಾಯಿತು.)

ಕೊರೊನಾ ಕಾಲದಲ್ಲಿ ಎರಡೂ ದೇಶ ಮತ್ತೆ ಅದೇ ಪ್ರಶ್ನೆಗೆ ಬಂದು ನಿಂತವು. ಅಮೆರಿಕ 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೋಬ್ರಾ ಕಂತನ್ನು ಪೂರ್ತಿ, ನೂರಕ್ಕೆ ನೂರು, ತಾನೇ ಕಟ್ಟಿತು. ನಮ್ಮಲ್ಲಿ 2018ರ ಜುಲೈನಲ್ಲಿ ಶುರುವಾಗಿದ್ದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿತ್ತು, ಇಎಸ್‌ಐನದ್ದೇ. ಕೆಲಸ ಹೋದವನಿಗೆ 90 ದಿನ ಸರಾಸರಿ ಕೂಲಿಯ ಕಾಲು ಭಾಗ. 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಆ ಮಾರ್ಚ್ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ನಮ್ಮ ಕಡೆಗೆ ಬಂದ ಬಸ್ಸು ಲಾರಿಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಕಟ್ಟಡ ಕೆಲಸದವರು. ಇಎಸ್‌ಐ ನಂಬರ್ ಇದ್ದವರು ಅವರಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.

ಇನ್ನು ಆ ಅರ್ಧ ವಾಕ್ಯ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸಾಮಾಜಿಕ ಭದ್ರತಾ ಸಂಹಿತೆ ಪಾಸು ಮಾಡಿತು. ಇಎಸ್‌ಐ ಕಾಯ್ದೆಯನ್ನೂ ಇನ್ನು ಕೆಲವು ಹಳೇ ಕಾಯ್ದೆಗಳನ್ನೂ ಕರಗಿಸಿ ಒಂದು ಮಾಡಿದ ಕಾನೂನು ಅದು. ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದರಲ್ಲಿ ಕಾರ್ಖಾನೆ ಅನ್ನುವುದರ ಬದಲು ಸಂಸ್ಥೆ ಅನ್ನುವ ಪದ ಹಿಡಿದಿದ್ದಾರೆ, ಆ ಸಂಸ್ಥೆಯ ವ್ಯಾಖ್ಯೆಯೊಳಗೆ ಗಣಿಯ ಹೆಸರೂ ಇದೆ. 1948ರಲ್ಲಿ ಹೊರಗೆ ಹಾಕಿದ್ದನ್ನು ಒಳಗೆ ತರಲು ಎಪ್ಪತ್ತೇಳು ವರ್ಷ ಬೇಕಾಯಿತು. ಸಂಬಳದ ಮಿತಿ ಇರುವುದರಿಂದ ಕಾಯಂ ಗಣಿಗಾರರಿಗಿಂತ ಗುತ್ತಿಗೆಯವರಿಗೇ ಇದರ ಉಪಯೋಗ ಹೆಚ್ಚು ಆಗಬಹುದು ಅಂತ ನನ್ನ ಅಂದಾಜು. ಹಟ್ಟಿಗೆ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರು ನಮ್ಮೂರಲ್ಲೂ ಇದ್ದಾರೆ. ಅವರ ಕೈಗೆ ಚೀಟಿ ಬಂತಾ ಅಂತ ಮುಂದಿನ ಸಲ ಊರಿಗೆ ಹೋದಾಗ ಕೇಳಬೇಕು.

2001ರಲ್ಲಿ ಕೋಲಾರದಲ್ಲಿ ಹೊರಬಿದ್ದವರಿಗೆ ಇದು ಅನ್ವಯಿಸುವುದಿಲ್ಲ. ಓದುವವರಲ್ಲಿ ಕೆಜಿಎಫ್‌ನವರು ಯಾರಾದರೂ ಇದ್ದರೆ, ನಿಮ್ಮ ತಂದೆ ತಾತಂದಿರ ಗಣಿ ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಏನಾದರೂ ಮನೆಯಲ್ಲಿ ಉಳಿದಿದ್ದರೆ, ಗಣಿ ಮುಚ್ಚಿದ ಮೇಲೆ ಅವರಿಗೆ ಔಷಧಿ ಎಲ್ಲಿಂದ ಬಂತು ಅನ್ನುವುದನ್ನು ಎರಡು ಸಾಲು ಬರೆಯಿರಿ. ಅದು ಯಾವ ವರದಿಯಲ್ಲೂ ನನಗೆ ಸಿಕ್ಕಿಲ್ಲ.